ಶಮೀಮಳ ಮೊದಲ ರೋಜಾ

ಮಾಣಿಕನಗರದ ಅಂಗಡಿ ಸಾಲಿನಲ್ಲಿ ಶೇಂಗಾ ಹುರಿಯುವ ವಾಸನೆ ಬಂದರೆ ಸಾಕು, ನಾನು ಇಂದಿಗೂ ಹುಮನಾಬಾದಿನ ನಮ್ಮ ಹಿತ್ತಿಲಿಗೆ ಹೋಗಿಬಿಡುತ್ತೇನೆ.

ಅವತ್ತು ಮಧ್ಯಾಹ್ನ ಆಯಿ, ಅಂದರೆ ನಮ್ಮಜ್ಜಿ, ಹೋಳಿಗೆಗೆಂದು ಶೇಂಗಾ ಹುರಿಯುತ್ತಿದ್ದಳು. ಗಿಡ್ಡ ಕಲ್ಲುಗೋಡೆಯ ಆಚೆ ನನ್ನ ಬೆಸ್ಟ್ ಫ್ರೆಂಡ್ ಶಮೀಮ್ ಕೂತಿದ್ದಳು. ಅವಳಿಗದು ಮೊದಲ ರೋಜಾ, ರಂಜಾನಿನ ಉಪವಾಸ. ಉಪವಾಸ ಮುಗಿಸಿದ ಮಗುವಿಗೆ ಸಂಜೆ ಮಲ್ಲಿಗೆ ಹಾರ ಹಾಕುವುದು ಅವರ ರೂಢಿ, ನೆಂಟರೆಲ್ಲ ಬಂದಾಗಿತ್ತು.

"ಆಯಿ, ವಾಸನಿಗೆ ತಡ್ಕೊಳ್ಳಾಕ ಆಗವಲ್ದು," ಎಂದು ಅವಳು ಅತ್ತೇಬಿಟ್ಟಳು.

ಆಯಿ ಬಾಣಲೆ ಇಳಿಸಿ, ಉರಿಯುವ ಕಟ್ಟಿಗೆ ಹೊರಗೆಳೆದು ನೀರು ಹೊಯ್ದಳು.

ಕಾಕಾ ಸಿಡುಕಿದ: "ನಮ್ಮ ಒಲಿ ಹಚ್ಚಾಕ ಓಣಿಯವರ ಪರ್ಮಿಶನ್ ಬೇಕೇನವ್ವಾ?"

"ಶಿವರಾತ್ರಿ ದಿನ ಅಟ್ಟದ ಮ್ಯಾಗ ಕುಂತು ಬಾಳಿಹಣ್ಣು ಮುಕ್ಕಿದಾಂವ ನೀ! ಕೂಸು ನೀರಿಲ್ಲದ ಕುಂತದ. ಹೊತ್ತು ಮುಳುಗೂತನಕ ಈ ಮನ್ಯಾಗ ಒಲಿ ಹತ್ತಂಗಿಲ್ಲ."

ಅಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಆಯಿ ಗೋಡೆಗೆ ಆತು ನಿಂತು, ಮೋರಖಂಡಿಯ ತನ್ನ ತವರಿನಲ್ಲಿದ್ದ ಕಳ್ಳ ಆಡೊಂದರ ಕತೆಯನ್ನು ಸಂಜೆಯವರೆಗೂ ಎಳೆದಳು. ಶಮೀಮ್ ಅಳು ಮರೆತು ನಕ್ಕಳು.

ಹೊತ್ತು ಮುಳುಗಿ, ಮಸೀದಿಯಲ್ಲಿ ಬಾಂಗ್ ಆಯಿತು. ಕೊರಳ ತುಂಬ ಹಾರ ಹಾಕಿಕೊಂಡ ಶಮೀಮ್ ಓಡಿಬಂದು, ಖರ್ಜೂರವನ್ನು ಎರಡು ಹೋಳು ಮಾಡಿ ಒಂದನ್ನು ಗೋಡೆಯ ಮೇಲಿಂದ ಚಾಚಿದಳು. "ನೀವೂ ಮಧ್ಯಾಹ್ನದಿಂದ ಏನೂ ತಿಂದಿಲ್ರಿ, ಆಯಿ."

ಪರರ ಮನೆಯ ನೀರನ್ನೂ ಮುಟ್ಟದ ಆಯಿ ಬಾಗಿ ಬಾಯಿ ತೆರೆದಳು. ಆಚೆ ನಿಂತ ನೆಂಟರಿಗೆಲ್ಲ ಕೇಳಲೆಂದು ನಾನು ಜೋರಾಗಿ ಕೂಗಿದೆ: "ಈಕಿ ನಮ್ಮ ಆಯಿ ಅದಾಳ್ರಿ!"