ಹಸಿರು ಬಳೆ ತಂದವನು

ಗೋಪಿನಾಥನ ಮೊದಲ ಏಟಿಗೇ ತಂಗಿಯ ಗಂಡ ಕಾರ್ತಿಕನ ಕನ್ನಡಕ ಹಾರಿ ಸೋಫಾದಡಿ ಬಿತ್ತು. ಎರಡನೆಯದಕ್ಕೆ ತುಟಿ ಒಡೆದು ರಕ್ತ ಗಡ್ಡಕ್ಕಿಳಿಯಿತು.

"ಬೊಗಳೋ! ಯಾರವಳು? ಎಲ್ಲಿಟ್ಟಿದ್ದೀಯ?"

ಪಾಪ, ಗೋಪಿನಾಥ ಜಗಳಕ್ಕೆಂದು ಬಂದವನಲ್ಲ. "ಕೊನೆಗೂ ಮಗು ಬರ್ತಿದೆ ಅಣ್ಣಾ" ಎಂದು ತಂಗಿ ನೀರಜಾ ಫೋನಿನಲ್ಲಿ ಅತ್ತಿದ್ದೇ ತಡ, ಹಸಿರು ಬಳೆ, ಕೊಬ್ಬರಿ ಮಿಠಾಯಿ ಕಟ್ಟಿಕೊಂಡು ಲಾಸ್ ಏಂಜಲೀಸ್‌ನಿಂದ ಅವಳಿದ್ದ ಮೀರಾ ಮೆಸಾಕ್ಕೆ ಡ್ರೈವ್ ಮಾಡಿಕೊಂಡು ಬಂದಿದ್ದ. ಬಾಗಿಲು ತೆರೆದ ತಂಗಿಯ ಕೈಯಲ್ಲೊಂದು ತಟ್ಟೆ, ಅದರ ತುಂಬ ಪರಂಗಿಹಣ್ಣು!

"ಅಯ್ಯೋ ಪೆದ್ದೀ, ಬಸುರೀಲಿ ಪರಂಗಿ ತಿಂದ್ರೆ ಮಗು ಉಳಿಯತ್ತೇನೇ?"

"ನಾನು ತಿನ್ನಬಹುದು ಬಿಡಣ್ಣಾ," ನೀರಜಾ ನಕ್ಕಳು. "ಬಸುರಿ ನಾನಲ್ಲ. ನನ್ನ ಗರ್ಭಕೋಶ ತೆಗೆದಾಗಿದೆ, ನಿನಗೆ ಹೇಳಿರಲಿಲ್ಲ. ಬಾ, ಕೂತ್ಕೋ, ಎಲ್ಲಾ ಹೇಳ್ತೀನಿ."

ಕೂತು ಕೇಳುವ ತಾಳ್ಮೆ ಯಾರಿಗಿತ್ತು? ಗಂಡ ಇನ್ನೊಬ್ಬಳನ್ನು ಬಸುರು ಮಾಡಿದ್ದಾನೆ, ಈ ಹುಚ್ಚಿ ಅದನ್ನೇ ತನ್ನ ಮಗು ಅಂತ ಕುಣಿಯುತ್ತಿದ್ದಾಳೆ! ಮೈಯೆಲ್ಲ ಉರಿದುಹೋಗಿ, ಗೋಪಿನಾಥ ಬೂಟನ್ನೂ ಬಿಚ್ಚದೆ ಒಳನುಗ್ಗಿದ್ದ.

ಈಗ ಅಡ್ಡ ಬಂದ ತಂಗಿಯನ್ನು ಗೋಡೆಗೆ ತಳ್ಳಿದ. ಅವಳು ಏನೋ ಹೇಳಲು ಬಾಯಿ ತೆರೆದಳು.

"ಹೇಳ್ಬೇಡ ನೀರೂ, ಕೊಂದೇ ಬಿಡ್ತಾರೆ," ಎಂದ ಕಾರ್ತಿಕ್.

"ಓಹೋ, ಅವಳ ಹೆಸರು ಮುಚ್ಚಿಡ್ತೀಯಾ?"

ಮತ್ತೆ ಏಟು. ಕಾರ್ತಿಕ್ ಕೈ ಎತ್ತಲಿಲ್ಲ. ಮುಖವನ್ನು ಏಟಿಗೆ ಬಿಟ್ಟು, ಎರಡೂ ತೋಳುಗಳಿಂದ ಹೊಟ್ಟೆ ತಬ್ಬಿಕೊಂಡು ನೆಲಕ್ಕೆ ಕುಸಿದ. ಟೆಲಿಕಾಂ ಕಂಪನಿ ಕೆಲಸದಿಂದ ತೆಗೆದ ಮೇಲೆ ದಪ್ಪಗಾಗಿದ್ದ. ಕೂತು ತಿಂದ ಕೊಬ್ಬು ನೋಡು ಎಂದು ಗೋಪಿನಾಥನ ಸಿಟ್ಟು ಇನ್ನಷ್ಟು ಏರಿತು.

"ಒದೀಬೇಡ ಅಣ್ಣಾ, ನಿನ್ನ ಕಾಲಿಗೆ ಬೀಳ್ತೀನಿ! ದಾನಿಗಳ ದುಡ್ಡಲ್ಲಿ ಮಗುವಾಗೋ ಚಿಕಿತ್ಸೆ ಕೊಡೋ ಕ್ಲಿನಿಕ್ಕಿಗೆ ವರ್ಷಗಟ್ಟಲೆ ಅಲೆದಿದ್ದೀವಿ. 'ನಿಮ್ಮಂಥವರಿಗಲ್ಲ' ಅಂತ ಓಡಿಸ್ತಾನೇ ಇದ್ರು. ಕಾಡಿ ಬೇಡಿದ ಮೇಲೆ ಒಂದೇ ಒಂದು ಸಲ ಅಂತ ಒಪ್ಪಿದ್ರು. ಈ ಮಗು ಹೋದ್ರೆ ಮತ್ತೆ ಮಗು ಇಲ್ಲ!"

"ಯಾವಳ ಹೊಟ್ಟೇಲಿದೆಯೇ ಅದು?"

ಬೂಟುಗಾಲು ಬೀಸಿತು. ತೋಳು ಜಾರಿತು. ಕಾರ್ತಿಕ್ ಕಿರುಚಿ ಮುದುಡಿಕೊಂಡ. ಪೈಜಾಮದ ತೊಡೆಯ ಸಂದಿಯಲ್ಲಿ ರಕ್ತ ಹರಡತೊಡಗಿತು. ಒದ್ದದ್ದು ಹೊಟ್ಟೆಗೆ, ರಕ್ತ ಅಲ್ಲೇಕೆ? ಗೋಪಿನಾಥ ಕಕ್ಕಾಬಿಕ್ಕಿಯಾಗಿ ನಿಂತ.

ನೀರಜಾ ಗಂಡನ ತಲೆಯನ್ನು ಮಡಿಲಿಗೆಳೆದುಕೊಂಡಳು. "ಕಾರ್ತಿಕ್ ಹುಟ್ಟಿದ್ದು ಹೆಣ್ಣಾಗಿ, ಅಣ್ಣಾ. ಗಂಡಾದ ಮೇಲೂ ಗರ್ಭಕೋಶ ತೆಗೆಸಿರಲಿಲ್ಲ. ನೀನೀಗ ಒದ್ದೆಯಲ್ಲ, ಆ ಹೊಟ್ಟೇಲಿತ್ತು ನಮ್ಮ ಮಗು."