ಎರಡರಲ್ಲೂ ಇಲ್ಲದ ಒಬ್ಬರು

“ನೂರ ಮೂವತ್ತು ಪರ್ಸೆಂಟ್!” ಎನ್ನುತ್ತಲೇ ಲಾಂಡ್ರಿಯ ಮಾಲೀಕರು ಒಳಗೆ ನುಗ್ಗಿದರು. “ಅಕ್ಕಾ, ನಮ್ಮ ಕೆಲಸದವರಲ್ಲಿ ನೂರ ಮೂವತ್ತು ಪರ್ಸೆಂಟ್ ಜನಕ್ಕೆ ತರಬೇತಿ ಆಗಿದೆ! ಸಂಜೆ ವಿಮೆಯವರು ಬಂದು ಕೇಳಲಿ, ಎದೆಯುಬ್ಬಿಸಿ ಹೇಳ್ತೀನಿ.”

ಮೇಲ್ವಿಚಾರಕಿ ಕೈಲಿದ್ದ ಒದ್ದೆ ಬೆಡ್‌ಶೀಟ್ ಕೆಳಗಿಟ್ಟಳು. ಮಾಲೀಕರೂ ಸೇರಿ ಎಲ್ಲರಿಗೂ ಅವಳು ಅಕ್ಕ.

“ನೂರು ಜನ ಇದ್ರೆ ನೂರ ಮೂವತ್ತು ಜನ ಹೇಗೆ ಕಲೀತಾರೆ ಸರ್? ಉಳಿದ ಮೂವತ್ತು ಜನ ಇನ್ನೂ ಹುಟ್ಟಬೇಕಾ?”

ಹಬೆಯ ನಡುವಿನಿಂದ ಕಿಸಕ್ಕನೆ ನಗು ಕೇಳಿತು. ಮಾಲೀಕರು ಬೆರಳು ಮಡಿಚಿದರು. “ಇಸ್ತ್ರಿ ಯಂತ್ರದ ಪಾಠಕ್ಕೆ ಎಪ್ಪತ್ತು ಪರ್ಸೆಂಟ್. ಬೆಂಕಿ ಆರಿಸೋ ಪಾಠಕ್ಕೆ ಅರವತ್ತು. ಪ್ರಮಾಣಪತ್ರಕ್ಕೆಲ್ಲ ನಾನೇ ಸಹಿ ಹಾಕಿದ್ದು. ಕೂಡಿಸಿ ನೋಡಿ.”

“ಎರಡಕ್ಕೂ ಬಂದವರು?”

“ಮೂವತ್ತೈದು.”

“ಅವರನ್ನ ಎರಡು ಸಲ ಎಣಿಸಿದ್ದೀರಿ. ನಮ್ಮತ್ತೆ ನನ್ನ ಗಂಡನಿಗೆ ಅಮ್ಮ, ನನ್ನ ಮಗಳಿಗೆ ಅಜ್ಜಿ. ಹಾಗಂತ ಊಟಕ್ಕೆ ಎರಡು ತಟ್ಟೆ ಇಡ್ತೀನಾ? ಒಂದು ಸಲ ಕಳೀರಿ.”

ಮಾಲೀಕರು ಕಳೆದರು. ತೊಂಬತ್ತೈದು ಬಂತು. ಮುಖ ಸಪ್ಪಗಾಯಿತು.

“ಅಂದ್ರೆ ಐದು ಪರ್ಸೆಂಟ್ ಜನ ಯಾವ ಪಾಠಕ್ಕೂ ಬಂದಿಲ್ಲ,” ಎಂದಳು ಅಕ್ಕ. “ನಿಮ್ಮನ್ನ ಬಿಟ್ರೆ ಇಲ್ಲಿ ದುಡಿಯೋರು ಇಪ್ಪತ್ತು ಜನ. ಐದು ಪರ್ಸೆಂಟ್ ಅಂದ್ರೆ ಒಬ್ಬರು.”

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಕಳೆದ ತಿಂಗಳು ಒಬ್ಬಳ ಕೈ ಸುಟ್ಟಾಗ, ಒಂದಾದರೂ ಪ್ರಮಾಣಪತ್ರ ಇಲ್ಲದವರನ್ನು ಒಳಗೆ ಬಿಡಬಾರದು ಎಂದು ಹಟ ಹಿಡಿದು ನಿಯಮ ಮಾಡಿಸಿದ್ದು ಅವಳೇ. ಆ ನಿಯಮ ನಾಳೆಯಿಂದಲೇ ಜಾರಿ. ಸುಮ್ಮನಿದ್ದಿದ್ದರೆ ನೂರ ಮೂವತ್ತರಲ್ಲಿ ಎಲ್ಲರೂ ಪಾರಾಗುತ್ತಿದ್ದರು. ಈಗ ಯಾರದೋ ಮನೆಯ ಒಲೆಗೆ ತಾನೇ ನೀರು ಹಾಕಿದಂತಾಯಿತು.

“ಐದು ಗಂಟೆಯೊಳಗೆ ಅವರು ಯಾರು ಅಂತ ಹೇಳಿ,” ಎಂದು ಮಾಲೀಕರು ಹೊರಟುಹೋದರು.

ಎರಡು ಪಾಠಗಳನ್ನೂ ಹೇಳಿದವಳು ಅಕ್ಕನೇ. ಯಾರು ಬಂದಿರಲಿಲ್ಲವೆಂದು ಅವಳಿಗಲ್ಲದೆ ಇನ್ನಾರಿಗೆ ಗೊತ್ತಿರಬೇಕು? ಆದರೂ ಹೊಳೆಯಲಿಲ್ಲ. ಮೂಲೆಯಲ್ಲಿ ಬಟ್ಟೆ ಮಡಿಚುತ್ತಿದ್ದ ಗೊಣಗಣ್ಣನ ಮೇಲೆ ಕಣ್ಣು ಬಿತ್ತು. ಯಾವ ಸಭೆ ಕರೆದರೂ ಸೊಂಟನೋವು ಎನ್ನುವ ಆಸಾಮಿ. ಈ ವಯಸ್ಸಿನಲ್ಲಿ ಬೇರೆ ಕೆಲಸ ಯಾರು ಕೊಡುತ್ತಾರೆ?

ಹತ್ತಿರ ಹೋಗಿ ಮೆಲ್ಲಗೆ ಕೇಳಿದಳು. “ಅಣ್ಣಾ, ನೀವು ಯಾವ ಪಾಠಕ್ಕೆ ಬಂದಿದ್ರಿ?”

“ಎರಡಕ್ಕೂ. ಬೆಂಕಿ ಪಾಠದಲ್ಲಿ ನೀವು ನನ್ನ ಮೇಲೇ ನೊರೆ ಹಾರಿಸಿದ್ರಲ್ಲ, ಮರೆತ್ರಾ? ಎರಡು ದಿನ ಕಿವೀಲಿ ಗುಳುಗುಳು ಅಂತಿತ್ತು.”

ಅಕ್ಕನಿಗೆ ಅರ್ಧ ನಗು, ಅರ್ಧ ನೆಮ್ಮದಿ. ಹಾಗಾದರೆ ಗುಂಡಿ ಹೊಲಿಯುವ ಹುಡುಗಿಯೇ? ಇಸ್ತ್ರಿ ಪಾಠದುದ್ದಕ್ಕೂ ಅವಳು ತೂಕಡಿಸಿದ್ದಳು.

“ನಿದ್ದೆ ಮಾಡಿದ್ರೂ ಬೆಂಚ್ ಮೇಲೇ ಮಾಡಿದ್ದೀನಿ ಅಕ್ಕಾ,” ಎಂದು ಅವಳು ಪ್ರಮಾಣಪತ್ರವನ್ನೇ ಮುಂದೆ ಹಿಡಿದಳು.

ಗಂಟೆ ನಾಲ್ಕು ದಾಟಿತು. ಅಕ್ಕ ಯಂತ್ರ ನಿಲ್ಲಿಸಿ ಎಲ್ಲರನ್ನೂ ಬೆಂಚುಗಳ ಮೇಲೆ ಕೂರಿಸಿದಳು.

“ನೋಡಿ, ಬೈಯಲ್ಲ. ಆ ಒಬ್ಬರು ಯಾರೇ ಆಗಿರಲಿ, ಈಗಲೇ ಕೂರಿಸಿ ಕಲಿಸ್ತೀನಿ. ಅರ್ಧ ಗಂಟೆ ಸಾಕು. ಯಾರ ಕೆಲಸಾನೂ ಹೋಗೋದು ಬೇಡ. ಒಂದು ಪಾಠಕ್ಕೆ ಬಂದವರು ಒಂದು ಕೈ, ಎರಡಕ್ಕೂ ಬಂದವರು ಎರಡೂ ಕೈ ಎತ್ತಿ.”

ಕೈಗಳು ಎದ್ದವು. ಅಕ್ಕ ಒಂದೊಂದೇ ಮುಖ ನೋಡುತ್ತ ಬಂದಳು. ಕೈ ಎತ್ತದವರು ಒಬ್ಬರೂ ಇಲ್ಲ.

“ಇವತ್ತು ರಜೆ ಹಾಕಿರೋರು ಯಾರು?”

“ಯಾರೂ ಇಲ್ಲ ಅಕ್ಕಾ.”

“ಮತ್ತೆ ಲೆಕ್ಕ ಎಲ್ಲಿ ತಪ್ಪಿತು?” ಅವಳು ತಲೆಗಳನ್ನು ಎಣಿಸಿದಳು. ಹತ್ತೊಂಬತ್ತು. ತಿರುಗಿ ಎಣಿಸಿದಳು. ಹತ್ತೊಂಬತ್ತೇ. “ಇನ್ನೊಬ್ಬರು ಎಲ್ಲಿ ಹೋದ್ರು?” ಎನ್ನುತ್ತ ಬಾಗಿಲ ಕಡೆ ನೋಡಿದಳು.

ಬೆಂಚುಗಳಲ್ಲಿ ಪಿಸುಪಿಸು ಶುರುವಾಯಿತು. ಗುಂಡಿ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಳು. ಗೊಣಗಣ್ಣ, ಆ ದಿನ ಮೊದಲ ಸಲ ಗೊಣಗದೆ, ಎದ್ದು ತನ್ನ ಜಾಗ ಬಿಟ್ಟುಕೊಟ್ಟ.

“ಕೂತ್ಕೊಳ್ಳಿ ಅಕ್ಕಾ. ಇವತ್ತು ಪಾಠ ನಾನು ಹೇಳ್ತೀನಿ.”