ಹೆಸರಿಲ್ಲದ ಚೌಕ

ಅಣ್ಣ ಜಟ್ಟಿಯ ಹೆಸರನ್ನು ಮಹಾದೇವ ಬೇಕೆಂದೇ ನುಂಗಿದ.

ಕನ್ನಡಕದ ಗಾಜಿನಲ್ಲಿ ಅಣ್ಣನ ಮುಖದ ಸುತ್ತ ಬೂದು ಚೌಕವೊಂದು ಮಿಣುಕುತ್ತಿತ್ತು. ಕಿವಿಯಲ್ಲಿ ಕನ್ನಡಕದ ಹೆಣ್ಣುದನಿ ಮೂರು ಸಲ ಕೇಳಿತು: ಇವರು ಯಾರು? ಮಹಾದೇವ ತುಟಿ ಬಿಚ್ಚದೆ ಮುಂದಿನ ಮನೆಗೆ ಹೊರಳಿದ.

ಹೊನ್ನಾವರದ ಅಳಿವೆ ದಂಡೆಯ ಆ ಮೀನುಗಾರರ ಕೇರಿಯಲ್ಲಿ ಅರವತ್ತೆರಡು ಮನೆ. ಒಂದಕ್ಕೂ ಪಟ್ಟೆಯಿಲ್ಲ, ಜಾಗ ತಮ್ಮದೆನ್ನುವ ಕಾಗದವಿಲ್ಲ. ಅಜ್ಜಂದಿರ ಕಾಲದಿಂದ ಒಂದು ರೂಢಿಯಿತ್ತು: ಫೈಲು ಹಿಡಿದವನು ಬಂದು ಇದು ಯಾರ ಮನೆ ಎಂದರೆ ಪಕ್ಕದ ಮನೆಯವಳೂ ‘ಗೊತ್ತಿಲ್ಲ’ ಎನ್ನಬೇಕು. ಒಣಮೀನು ಮಗುಚುತ್ತ, ತಲೆ ಎತ್ತದೆ. ಎಷ್ಟೋ ಸಾಹೇಬರು ಬಂದ ದಾರಿಗೆ ಸುಂಕವಿಲ್ಲದೆ ಮರಳಿದ್ದರು.

ಸರ್ಕಾರದ ಸರ್ವೆಗೆಂದು ಬಂದ ಕಂಪನಿಯ ಅನೂಪ ಮಾತ್ರ ಯಾರನ್ನೂ ಏನೂ ಕೇಳಿರಲಿಲ್ಲ. ಮಹಾದೇವನ ಮೂಗಿನ ಮೇಲೆ ಕನ್ನಡಕ ಏರಿಸಿದ್ದ.

“ಮನೆ ನೋಡಿ, ಮನೆಯವರನ್ನ ನೋಡಿ, ಹೆಸರು ಹೇಳಿ. ಅಷ್ಟೇ. ಚೌಕದಲ್ಲಿ ಹೆಸರು ಕೂತವರಿಗೆಲ್ಲ ಕಾಗದ ಬರ್ತದೆ. ನಿಮ್ಮ ಹಳೇ ತಕರಾರೆಲ್ಲ ಒಂದೇ ಸಲಕ್ಕೆ ಮುಗೀತದೆ.”

ಕಾಗದ. ಅಪ್ಪ ಸಾಯುವಾಗಲೂ ಕೇಳಿದ್ದು ಅದನ್ನೇ. ಮಹಾದೇವ ಕನ್ನಡಿಯ ಮುಂದೆ ನಿಂತು ಮೊದಲು ತನ್ನ ಹೆಸರನ್ನೇ ಹೇಳಿದ. ಚೌಕ ಹಸಿರಾಯಿತು.

“ಹೆಸರು ಅಂದ್ರೆ ಎಂತ ಉಪ್ಪನಾ, ಸಿಕ್ಕಿದವ್ರಿಗೆಲ್ಲ ಹಂಚೂಕೆ?” ಎಂದಳು ಮುದುಕಿ ಗಣಪಿ, ಮೀನಿನ ಬುಟ್ಟಿಯ ಹಿಂದಿನಿಂದ.

“ನಿಂದೂ ಕೂತಾತು ಗಣಪಕ್ಕ,” ಎಂದು ಮಹಾದೇವ ನಕ್ಕ.

ಅವಳು ಸೆರಗನ್ನು ಮುಖಕ್ಕೆಳೆದುಕೊಂಡಳು. ಸೆರಗಿನ ಮೇಲೂ ಹೆಸರು ತೇಲುತ್ತಲೇ ಇತ್ತು.

ಊಟಕ್ಕೆ ಕೂತಾಗ ಹೆಂಡತಿ ಸಂಗೀತಾಳ ನೆತ್ತಿಯ ಮೇಲೆ ಹೆಸರಿನ ಜೊತೆ ವಯಸ್ಸೂ ಕಂಡಿತು. ವಯಸ್ಸನ್ನು ಅವನು ಹೇಳಿರಲಿಲ್ಲ. ಕನ್ನಡಕ ತೆಗೆದಿಟ್ಟ.

“ಭಾವಂದು ಹೆಸರು ಹೇಳಿದ್ರಾ?”

“ಮರೆತೋತು.”

“ಅರವತ್ತೊಂದು ಮನೆ ನೆನಪಿತ್ತು. ಬೆನ್ನಿಗೆ ಬಿದ್ದ ತಮ್ಮನಿಗೆ ಅಣ್ಣನೇ ಮರೆತೋದ್ನಾ?”

“ಹೊಸ ಬಲೆಯ ಮೊದಲ ಮೀನು ತಮ್ಮನ ಮನೆಗೆ ಕಳ್ಸೂಕೆ ಅವನಿಗೆ ನೆನಪಾಗಿತ್ತಾ?”

ಅಣ್ಣ ತಮ್ಮ ಮೂರು ವರ್ಷದಿಂದ ಮಾತು ಬಿಟ್ಟದ್ದು ಆ ಮೀನಿಗೇ. ಸಂಗೀತಾ ಸಾರು ಬಡಿಸಿದಳು.

ತಿಂಗಳು ತುಂಬುವುದರೊಳಗೆ ಲಕೋಟೆಗಳು ಬಂದವು. ತಂದ ಇಬ್ಬರು ಅಧಿಕಾರಿಗಳ ಕಣ್ಣಿನ ಮೇಲೂ ಅದೇ ಕನ್ನಡಕ. ಅವರು ಯಾರನ್ನೂ ವಿಚಾರಿಸಲಿಲ್ಲ. ಹುಟ್ಟಿದಾಗಿನಿಂದ ಕಂಡವರಂತೆ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದರು, ಸಹಿ ಹಾಕಿಸಿಕೊಂಡರು, ಸಹಿ ಬಾರದವರ ಹೆಬ್ಬೆಟ್ಟು ಒತ್ತಿಸಿದರು. ಕಾಗದ ಬಂತೆಂಬ ಖುಷಿಯಲ್ಲಿ ಯಾರೂ ಒಡೆದು ನೋಡಲಿಲ್ಲ; ಗಣಪಿ ಕೂಡ ಲಕೋಟೆಯನ್ನು ಕಣ್ಣಿಗೊತ್ತಿಕೊಂಡಳು. ಮಹಾದೇವ ತನ್ನದನ್ನು ಒಡೆಯದೆ ಅಂಗಿಯೊಳಗೆ ಇಟ್ಟುಕೊಂಡ. ಅವನಿಗೆ ನೋಡಬೇಕಿದ್ದದ್ದು ಬೇರೆಯೇ ಇತ್ತು.

ಜಟ್ಟಿಯ ಅಂಗಳದಲ್ಲಿ ಅಧಿಕಾರಿ ನಿಂತ. ಕನ್ನಡಕ ಸರಿಪಡಿಸಿಕೊಂಡ. ಮತ್ತೆ ನೋಡಿದ.

“ಇದು ಯಾರ ಮನೆ?”

ಪಕ್ಕದಲ್ಲಿದ್ದ ಗಣಪಿ ಮೀನು ಮಗುಚಿದಳು. “ಗೊತ್ತಿಲ್ಲ.”

“ನಿಮ್ಮ ಹೆಸರೆಂತ?” ಎಂದು ಜಟ್ಟಿಯನ್ನೇ ಕೇಳಿದ.

ಜಟ್ಟಿ ಬಲೆಯ ಹರಕು ಹೊಲಿಯುತ್ತ, ತಲೆ ಎತ್ತದೆ ಹೇಳಿದ: “ಗೊತ್ತಿಲ್ಲ ಸಾರ್.”

ಮಹಾದೇವನಿಗೆ ಒಳಗೊಳಗೇ ನಗು. ಹಳೇ ರೂಢಿ ಕಟ್ಟಿಕೊಂಡು ಕೂತಿದ್ದಾನೆ ಪುಣ್ಯಾತ್ಮ. ಬಾಗಿಲಿಗೆ ಬಂದ ಕಾಗದವನ್ನೂ ಒದೆಯುತ್ತಿದ್ದಾನೆ. ಅಣ್ಣನಿಗೆ ಕಾಣುವಂತೆ ತನ್ನ ಲಕೋಟೆ ಹೊರತೆಗೆದು, ಒಡೆದು, ಓದಿದ.

‘ಸರ್ಕಾರಿ ಜಾಗ ಅತಿಕ್ರಮಿಸಿರುವ ಮಹಾದೇವ ಎಂಬವರು ಹದಿನೈದು ದಿನದೊಳಗೆ ಮನೆ ತೆರವುಗೊಳಿಸತಕ್ಕದ್ದು. ತಪ್ಪಿದಲ್ಲಿ ನೆಲಸಮ ಮಾಡಲಾಗುವುದು.’

ಅಂಗಳದಲ್ಲಿ ಅಧಿಕಾರಿ ಜೊತೆಯವನಿಗೆ ಹೇಳುತ್ತಿದ್ದ: “ಹೆಸರೇ ಇಲ್ದೆ ಯಾರ ಮೇಲೆ ನೋಟಿಸ್ ಜಾರಿ ಮಾಡೂದು? ಇದೊಂದು ಮನೆ ಉಳೀತು, ಬಿಡು.”